ಕಟ್ಟೆ ಬಿಟ್ಟ ಕಾಂಡ್ಲಾ

ಮಳೆ ತುಸು ಹೊಳವಾಗಿತ್ತು. ಹೊಳೆ ಇಳಿದ ಹೊತ್ತು ನೋಡಿ ಹೆಂಗಸರು ಉಪ್ಪುನೀರಂಚಿನ ಗಜನಿ ಗದ್ದೆಯ ಕಟ್ಟೆಗೆ ಕೆಸರು ಮೆತ್ತುತ್ತಿದ್ದರು. ನಾನಾಗ ನುಗ್ಗೆಕಾಯಿಯಂಥ ಒಂದು ಕಾಂಡ್ಲಾ ಮೊಳಕೆ, ಉಪ್ಪುಕೆಸರಿನಲ್ಲಿ ಬೇರೂರುವ ಮರದ ಕುಡಿ. ತಾಯಿಮರದಿಂದ ಉದುರಿ ಉಪ್ಪುಹೊಳೆಯಲ್ಲಿ ತೇಲಿ ಬಂದಿದ್ದೆ. ಆ ಹೆಂಗಸರಲ್ಲೊಬ್ಬಳು, ಮಂಕಾಳಿ, ನನ್ನನ್ನು ಎತ್ತಿ ಕಟ್ಟೆಯ ಬುಡದಲ್ಲಿ ಊರಿದಳು. ಕಟ್ಟೆಯ ಒಳಗೆ ಅವಳ ಕಗ್ಗ, ತುಸು ಉಪ್ಪು ತಾಳುವ ಭತ್ತ.

“ಕಟ್ಟೆ ಹಿಡ್ಕಾ ಮಗಾ. ಒಳಗೆ ನಮ್ಮ ಅನ್ನ ಅದೆ” ಎಂದಳು.

ಹಿಡಿದೆ. ಮೊದಮೊದಲು ಹೊಟ್ಟೆಗೆ ಸಿಗುತ್ತಿದ್ದುದು ಕಡಿಮೆ. ಹುಡುಕುತ್ತ ಬೇರು ಕೆಸರಿನಾಳಕ್ಕೆ ಹೋಗುತ್ತಿತ್ತು.

ಆಮೇಲೆ ಅವಳ ಮೈದುನ ಗಣಪು ಪಕ್ಕದಲ್ಲಿ ಸಿಗಡಿ ಕೆರೆ ಮಾಡಿದ. ಮೇವು, ಗೊಬ್ಬರ ಕದಡಿದ ನೀರನ್ನು ತೋಡಿಗೆ ಬಿಡುತ್ತಿದ್ದ. ತೋಡಿನ ಬದಿಯ ಗಿಡಗಳು ಸೊಕ್ಕಿ ಬೆಳೆದವು. ಅದನ್ನು ಕಂಡು ಮಂಕಾಳಿಯೇ ಕೇಳಿದಳು: “ತಮಾ, ಆ ನೀರು ನನ್ನ ಕಾಂಡ್ಲಾ ಬದಿಗೂ ಬಿಡು.”

“ವಾಸ್ನೆ ಅಂತ ನೀನೇ ಬೈತಿದ್ದೆ, ಅತ್ಗೆ. ಈಗ ಬೇಕಾಯ್ತಾ?” ಗಣಪು ನಗುತ್ತ ಹಾರೆ ತಂದು ತೋಡು ತಿರುಗಿಸಿದ.

ಕುಡಿದೆ. ಬಾಯಿಗೇ ಬಂದು ಬೀಳುವಾಗ ಬೇರನ್ನು ಯಾಕೆ ದೂರ ಕಳಿಸಲಿ? ಎಲೆ ಅಗಲವಾಯಿತು, ನೆತ್ತಿ ಎತ್ತರವಾಯಿತು. ಬುಡದ ಕೆಸರು ಮಾತ್ರ ಕೊಳೆತು ಗಂಜಿಯಂತಾಗುತ್ತಿತ್ತು. ಗೊತ್ತಾಗುತ್ತಿತ್ತು ನನಗೆ. ಆದರೂ ಕುಡಿದೆ. ಮಂಕಾಳಿ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದಳು. ಆ ನೀರು ತಲುಪದ ಮೂಲೆಯ ಗಿಡವನ್ನು “ಇದೊಂದು ಉಣ್ಣದ ಪೋರ” ಎಂದು ಹಂಗಿಸುತ್ತಿದ್ದಳು. ನಾನೂ ಅದನ್ನು ಮೇಲಿನಿಂದಲೇ ನೋಡುತ್ತಿದ್ದೆ.

ಹೀಗೇ ಕೆಲವು ವರ್ಷ ಕಳೆದು, ಒಮ್ಮೆ ಕಗ್ಗ ಹಾಲುಗಟ್ಟುವಾಗ ಅಮಾವಾಸ್ಯೆಯ ಉಬ್ಬರ ಗಾಳಿಯೊಡನೆ ಬಂತು. ನೆತ್ತಿಯ ಭಾರಕ್ಕೆ ವಾಲಿದೆ. ಹಿಡಿದುಕೊಳ್ಳಲು ಬೇರೂ ಸಾಲದು, ಗಟ್ಟಿ ಮಣ್ಣೂ ಇಲ್ಲ. ಬಿದ್ದೆ; ಕಟ್ಟೆಯನ್ನೂ ಕಿತ್ತುಕೊಂಡು ಬಿದ್ದೆ. ಉಪ್ಪುನೀರು ನನ್ನ ಮೇಲೆಯೇ ಹಾದು ಗದ್ದೆಗೆ ನುಗ್ಗಿ ನಿಂತಿತು. ಮೂಲೆಯ ಕುಳ್ಳ ಗಿಡ ತನ್ನ ಪಾಲಿನ ಕಟ್ಟೆ ಬಿಡಲಿಲ್ಲ.

ನೀರಿಳಿದ ಮೇಲೆ ಮಂಕಾಳಿ ಬಂದು, ಮಲಗಿದ ತೆನೆಯೊಂದನ್ನು ಎತ್ತಿ ನಿಲ್ಲಿಸಿದಳು. ಅದು ಮತ್ತೆ ಮಲಗಿತು.

“ನನ್ನ ಕೆರೆ ನೀರೇ, ಅತ್ಗೆ...” ಗಣಪು ನನ್ನ ಬುಡದ ಕೊಳೆತ ಕೆಸರನ್ನು ಕಾಲಲ್ಲಿ ಕೆದಕಿದ.

“ಕೇಳ್ದವ್ಳು ನಾನಲ್ವಾ. ಹಾರೆ ತಕಂಬಾ, ತೋಡು ಮುಚ್ಚು.”

ನನ್ನನ್ನೂ ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಡಿದು ಗೂಟ ಮಾಡಿ, ಕಟ್ಟೆ ಒಡೆದ ಕಡೆ ಹೊಡೆದಳು. ಮುಂದಿನ ಮಳೆಗೆ ಕುಳ್ಳ ಗಿಡದ ಮೊಳಕೆಯೊಂದನ್ನು ನನ್ನ ಪಕ್ಕ ಊರಿ, ಅದಕ್ಕೂ ಅದೇ ಮಾತು ಹೇಳಿದಳು.

ಈಗ ನನಗೆ ಬೇರಿಲ್ಲ. ಅದು ಬೇರು ಬಿಡುವ ತನಕ ಕೊಳೆಯದೆ ನಿಂತರೆ ಸಾಕು. ಆ ವರ್ಷದ ಅನ್ನದ ಋಣ ಇದರಿಂದ ತೀರುವುದಿಲ್ಲ.