ಹೆಗಲಿನ ಗೆರೆ

ಆ ಕಾರ್ಖಾನೆಯಲ್ಲಿ ಅಣ್ಣ ಮರ ಕೆತ್ತುತ್ತಿದ್ದ, ತಮ್ಮ ಬಣ್ಣ ಹಚ್ಚುತ್ತಿದ್ದ. ಚರ್ಚುಗಳಿಗೆ ಬೇಕಾದ ಸಂತರು, ದೇವದೂತರು, ಶಿಲುಬೆಯ ಮೇಲಿನ ಪ್ರಭು, ಎಲ್ಲರೂ ಮೊದಲು ಅಣ್ಣನ ಉಳಿಯಡಿ ಮಲಗಿ ಆಮೇಲೆ ತಮ್ಮನ ಕುಂಚದ ಮುಂದೆ ಎದ್ದು ನಿಲ್ಲಬೇಕು. ಕಣ್ಣನ್ನು ಕೊನೆಗೆ ಬರೆಯುವುದು ಆ ಮನೆಯ ಪದ್ಧತಿ. ತಮ್ಮ ಉಸಿರು ಬಿಗಿಹಿಡಿದು, ಬಲಗೈಯ ಒಂದೇ ಬೀಸಿನಲ್ಲಿ ರೆಪ್ಪೆಯ ಗೆರೆ ಎಳೆದನೆಂದರೆ ಮರ ನೋಡತೊಡಗುತ್ತಿತ್ತು. ಭಗವಂತ ಕೆಲವರಿಗೆ ಕೈಯಲ್ಲೇ ಪ್ರಾರ್ಥನೆ ಇಟ್ಟು ಕಳಿಸುತ್ತಾನೆ.

ಹೊಸದಾಗಿ ಬಂದ ಪಾದ್ರಿ ಮೊದಲು ಚರಿತ್ರೆ ಕಲಿಸುತ್ತಿದ್ದವರು. ಏನು ತೋರಿಸಿದರೂ ‘ಸರಿಯಲ್ಲ’ ಅನ್ನುವುದು ಅವರ ಬಾಯಿಗೆ ಅಂಟಿದ ಮಾತು. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಸರಿಯಲ್ಲ ಫಾದರ್’ ಅನ್ನುತ್ತಿದ್ದರು. ಮುಖ್ಯ ಪೀಠಕ್ಕೆಂದು ಅಣ್ಣ ಕೆತ್ತಿದ್ದ ಪ್ರಭುವಿನ ಸುತ್ತ ಅವರು ಒಂದು ಸುತ್ತು ಬಂದರು.

“ಮೊಳೆ ಅಂಗೈಗೆ ಹೊಡೆದಿದ್ದೀರಿ. ಅಂಗೈ ಒಂದು ಆಳಿನ ಭಾರ ತಡೆಯುತ್ತಾ? ಹರಿದುಹೋಗುತ್ತೆ. ಮಣಿಕಟ್ಟಿಗೆ ಹೊಡೀತಿದ್ದರು. ತೋಳು ನೋಡಿ, ನಿದ್ದೆ ಮುಗಿಸಿ ಮೈಮುರೀತಿರೋ ಹಾಗಿದೆ. ಬಣ್ಣ ನೋಡಿದರೆ ಹಾಲು. ಬಿಸಿಲಲ್ಲಿ ಬಡಗಿ ಕೆಲಸ ಮಾಡಿದವರು ಹೀಗಿರ್ತಾರಾ?”

“ಅಪ್ಪನ ಕಾಲದಿಂದ ಹೀಗೇ ಮಾಡ್ತಾ ಬಂದಿದ್ದೀವಿ, ಫಾದರ್,” ಅಂದ ಅಣ್ಣ.

“ಅಪ್ಪನ ಕಾಲದಿಂದ ಸುಳ್ಳು ಕೆತ್ತಿದ್ದೀರಿ.”

ಅಣ್ಣನಿಗೆ ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಕಾರ್ಖಾನೆಯ ತೊಲೆಗೆ ಅಡ್ಡಮರ ಕಟ್ಟಿ ತಮ್ಮನನ್ನು ಕರೆದ.

“ನೇತಾಡೋ ಮೈ ಹೇಗಿರುತ್ತೆ ಅಂತ ನಾನು ಕಂಡಿಲ್ಲ ಕಣೋ. ನೀನು ತೋರಿಸು.”

“ಇಷ್ಟು ವರ್ಷ ಬಣ್ಣ ಹಚ್ಚಿದ್ದಕ್ಕೆ ಒಳ್ಳೇ ಬಡ್ತಿ ಸಿಕ್ತು,” ಎಂದು ತಮ್ಮ ನಗುತ್ತಲೇ ಅಂಗಿ ಬಿಚ್ಚಿದ. ಎತ್ತಿ ಆಡಿಸಿ ಸಾಕಿದ ಅಣ್ಣನಿಗೆ ಎದುರಾಡಿ ಅವನಿಗೆ ಗೊತ್ತಿರಲಿಲ್ಲ.

ಮಣಿಕಟ್ಟಿಗೆ ಬಟ್ಟೆ ಸುತ್ತಿ ಹಗ್ಗ ಬಿಗಿದದ್ದಾಯಿತು. ಕಾಲಡಿ ಒಂದು ಮಣೆ. ಎರಡು ದಿನ ಹೀಗೆ ನಡೆದರೂ ಅಣ್ಣನಿಗೆ ತೃಪ್ತಿಯಿಲ್ಲ.

“ಕಾಲಿಗೆ ಆಸರೆ ಇದ್ದರೆ ಹೆಗಲು ಸುಳ್ಳು ಹೇಳುತ್ತೆ,” ಎಂದು ಮೂರನೆಯ ದಿನ ಮಣೆ ಎಳೆದುಬಿಟ್ಟ.

“ಅಣ್ಣಾ, ಉಸಿರು ಕಟ್ಟುತ್ತೆ.”

“ಕಟ್ಟಬೇಕು. ಪ್ರಭುವಿಗೂ ಕಟ್ಟಿತ್ತು.”

ಸ್ವಲ್ಪ ಹೊತ್ತಿಗೆ ತಮ್ಮನ ಬಲಹೆಗಲಲ್ಲಿ ಹಸಿ ಕೊಂಬೆ ಸೀಳಿದಂಥ ಸದ್ದಾಯಿತು. ಮೂಳೆ ಗೂಡು ಬಿಟ್ಟು ಇಳಿಯಿತು. ಕತ್ತಿನಿಂದ ತೋಳಿಗೆ, ಅಣ್ಣ ಜನ್ಮದಲ್ಲಿ ಕಾಣದಿದ್ದ ಒಂದು ಗೆರೆ ಎದ್ದಿತು. ತಮ್ಮ ಚೀರುತ್ತಿದ್ದ. ಅಣ್ಣ ಕೈವಾರ ಹಿಡಿದು ಆ ಗೆರೆಯನ್ನು ಅಳೆದ, ಉಳಿ ಎತ್ತಿಕೊಂಡ.

ಊಟ ತಂದ ತಮ್ಮನ ಹೆಂಡತಿ ಬುತ್ತಿಯನ್ನು ಬಾಗಿಲಲ್ಲೇ ಬಿಟ್ಟು ಓಡಿದಳು. ಹಗ್ಗದ ಗಂಟು ಅವಳ ಕೈಗೆ ಎಟುಕಲಿಲ್ಲ. ಗಂಡನ ಕಾಲು ತಬ್ಬಿ ಮೇಲಕ್ಕೆ ಎತ್ತಿಹಿಡಿದಳು.

“ಎತ್ತಬೇಡಮ್ಮ, ಗೆರೆ ಹೋಗುತ್ತೆ,” ಅಂದ ಅಣ್ಣ.

“ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಇಳಿಸಿ.”

“ಕಾಲಿಗೆ ಬೀಳಬೇಕಾದರೂ ಅವನನ್ನ ಬಿಡಲೇಬೇಕಲ್ಲ. ಬಿಡು. ಒಂದೇ ಗಳಿಗೆ.”

ಅವಳ ತೋಳು ಸೋತು ತಾನೇ ಬಿಟ್ಟಿತು. ಆ ಒಂದು ಗಳಿಗೆ ಮುಗಿದು ತಮ್ಮನನ್ನು ಇಳಿಸುವ ಹೊತ್ತಿಗೆ ಬುತ್ತಿ ತಣ್ಣಗಾಗಿತ್ತು.

ವೈದ್ಯರು ಮೂಳೆ ಕೂರಿಸಿದರು. ನರ ಸತ್ತಿತ್ತು, ಬಲಗೈ ಹೆಗಲಿಗೆ ತಗುಲಿಹಾಕಿದ ಒದ್ದೆ ಬಟ್ಟೆಯಂತೆ ಉಳಿಯಿತು. ಕಣ್ಣು ಬರೆಯಲು ಹೊಸ ಬಣ್ಣದವನು ಬಂದ.

ಪಾದ್ರಿಗಳು ಪ್ರಭುವಿನ ಮುಂದೆ ತುಂಬ ಹೊತ್ತು ನಿಂತರು. ಕಂದು ಮೈ, ಗಿಡ್ಡ ಕೂದಲು, ಮಣಿಕಟ್ಟಿನಲ್ಲಿ ಮೊಳೆ, ಜಾರಿದ ಹೆಗಲು. ‘ಸರಿ’ ಅಂದರು. ಅಣ್ಣ ಮಗುವಿನಂತೆ ಅತ್ತ. ಜನ ಮೊಣಕಾಲೂರಿದರು, ಒಬ್ಬಳು ಮುದುಕಿ ಆ ಹೆಗಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳ ಭಕ್ತಿಯನ್ನು ನಾನು ಅಲ್ಲಗಳೆಯಲಾರೆ. ಪ್ರಭುವನ್ನು ಶಿಲುಬೆಗೇರಿಸಿದವರು ಕ್ರೂರಿಗಳೆಂದು ಕೇಳಿಯೇ ನಾವು ಬೆಳೆದವರು. ಅವರಲ್ಲಿ ಕೆಲಸ ಬಲ್ಲವನೊಬ್ಬ ಇದ್ದಿರಬಹುದು, ಹೊಡೆದ ಮೊಳೆ ನೆಟ್ಟಗಿದೆಯೆಂದು ಸಂತೋಷಪಟ್ಟಿರಬಹುದು ಎಂದು ಯಾರೂ ಹೇಳಿರಲಿಲ್ಲ.

ತಿಂಗಳು ಕಳೆದು ಪಾದ್ರಿಗಳು ಹೇಳಿ ಕಳಿಸಿದರು: ಪ್ರಭುವಿನ ಎಡಬಲಕ್ಕೆ, ಅವರ ಜೊತೆ ಶಿಲುಬೆಗೇರಿದ್ದ ಇಬ್ಬರು ಕಳ್ಳರೂ ಬೇಕು, ಅವರಿಲ್ಲದೆ ಚರಿತ್ರೆ ಪೂರ್ತಿಯಾಗದು.

ಅಣ್ಣ ತಮ್ಮನ ಮಂಚದ ಬಳಿ ಬಂದು ಕುಳಿತ. “ಎಡಗೈ ಗಟ್ಟಿಯಾಗಿದೆಯಲ್ಲ?”

ಹೆಂಡತಿಯೇ ಉತ್ತರಿಸಿದಳು. “ಭಾವ, ಅವರು ಈಗ ಊಟ ಮಾಡೋದು ಅದೇ ಕೈಯಲ್ಲಿ.”

“ತಿನ್ನಿಸೋಕೆ ನೀನಿದ್ದೀಯಲ್ಲಮ್ಮ.”

ಅಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. ಮರ ಒಣಗಲೆಂದು ಕಾಯುವಂತೆ ಕಾದ. ಪಕ್ಕದ ಕೋಣೆಯಲ್ಲಿ ಹೊಸ ಬಣ್ಣದವನು ಶಿಳ್ಳೆ ಹಾಕುತ್ತ ಬಣ್ಣ ಅರೆಯುತ್ತಿದ್ದ. ತಮ್ಮ ಅದನ್ನು ಕೇಳಿಸಿಕೊಂಡ.

“ಈ ಮನೆಯಲ್ಲಿ ನನಗೆ ಉಳಿದಿರೋ ಕೆಲಸ ಇದೊಂದೇ ಕಣೇ,” ಎಂದು ಹೆಂಡತಿಗೆ ಹೇಳಿ ಎದ್ದು ಕುಳಿತ. “ಅಂಗಿ ಗುಂಡಿ ಬಿಚ್ಚು.”