ಕುಂತು ನೋಡಿದ ಹೊಳೆ

“ಇನ್ನೊಂದ್ ಚೆಂಬು ಬಿಸ್ನೀರ್ ತತ್ತಾ ಮಾದು,” ಎಂದು ಮಗನಿಗೆ ಹೇಳುತ್ತ ಮಂಗಳಮ್ಮ ಗಂಡನ ಮೊಣಕಾಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಹಿಂಡಿದಳು. ಬೆಳಗಿನ ಜಾವ ತೀರಿಕೊಂಡ ಕರಿಯಯ್ಯನ ಕಾಲುಗಳು ಅವನ ಹರಿಗೋಲಿನ ಗಳದಂತೆಯೇ ಸೆಟೆದಿದ್ದವು.

ಬಾಗಿಲಲ್ಲಿದ್ದ ಕರಿಯಯ್ಯನ ಅಣ್ಣ ಚಲುವಯ್ಯ ಬೀಡಿ ಎಸೆದ. “ನಮ್ಮೋರಲ್ಲಿ ಎಣ ಕುಂಡ್ರುಸ್ಕಂಡ್ ಓಗಿರಾದು ಉಂಟಾ ಮಂಗಳಿ? ನಮ್ದು ಮನುಗ್ಸೋ ಪದ್ಧತಿ. ಕುಂಡ್ರುಸಾದು ಮೇಲ್ಬೀದಿಯೋರ್ದು.”

“ಮೇಲ್ಬೀದೀಲಿ ನಮ್ ಎಣ ಓಗಂಗಿಲ್ಲ ಅಂತ ತಾನೆ ಒಳೆ ಮೇಲೆ ಸಾಗಿಸ್ತಿರಾದು? ಒಳೆ ಮೇಲೆ ಯಾರ್ ಪದ್ಧತಿ ಭಾವ?”

“ಮಗನ್ ಮದ್ವೇಲೂ ನಿಂತ್ಕಂಡೇ ಉಂಡ ಆಸಾಮಿ. ಈಗ ಕುಂತಾನಾ?” ಚಲುವಯ್ಯ ಬಿಸಿಲನ್ನು ನೋಡಿದ. “ಒತ್ತಿಳಿಯೋದ್ರೊಳಗೆ ಕಾಲು ಮಡಚ್ನಿಲ್ಲಾ ಅಂದ್ರೆ ಮನುಗ್ಸಾದೇಯ. ಏನಂತೀಯ?”

“ಮಡಚ್ತದೆ,” ಎಂದು ಅವಳು ಬಿಸಿ ಬಟ್ಟೆಯನ್ನು ಮತ್ತೆ ಸುತ್ತಿದಳು.

* * *

ಅದು ಸಾವಿರದ ಒಂಬೈನೂರ ಎಪ್ಪತ್ತಾರರ ಬೇಸಿಗೆ. ನಂಜನಗೂಡಿನ ಮೇಷ್ಟ್ರು ರಾಮಚಂದ್ರ, ಹೆಂಡತಿ ಚಂಪಕ, ತಾಯಿ ಅಂಬುಜಮ್ಮ ರಜೆಗೆಂದು ಕರಿಯಯ್ಯನ ಹರಿಗೋಲು ಗೊತ್ತುಮಾಡಿಕೊಂಡು, ನರಸೀಪುರದ ಕೆಳಗೆ ನಡುಗಡ್ಡೆಯಿಂದ ನಡುಗಡ್ಡೆಗೆ ಸುತ್ತುತ್ತಿದ್ದರು. ಕೊಕ್ಕರೆ ಗೂಡು ನೋಡಿದ್ದಾಯಿತು, ಮೊಸಳೆ ನೋಡಿದ್ದಾಯಿತು. ರಜೆಯ ಕೊನೆ ಬಂದರೂ ನೀರುನಾಯಿ ಮಾತ್ರ ಕಂಡಿರಲಿಲ್ಲ.

ಅಂಬುಜಮ್ಮನ ಮಡಿನೀರಿನ ಕೊಡ ಹರಿಗೋಲಿನ ನಡುವೆ ಇತ್ತು. ಅದರ ಸಮಕ್ಕೆ ಕೂತರೆ ಮೈಲಿಗೆ, ಆದ್ದರಿಂದ ಕರಿಯಯ್ಯ ಕೂರುವಂತಿರಲಿಲ್ಲ. ಅಂಚಿನಲ್ಲಿ ನಿಂತೇ ಗಳ ಹಾಕಬೇಕು. ಹರಿಗೋಲು ಅವನದೇ.

ಕೊನೆಯ ದಿನ ಬಂಡೆಯೊಂದರ ಮೇಲೆ ನೀರುನಾಯಿಗಳು ಮರಿಗಳ ಸಮೇತ ಕಂಡವು. ನಿಂತ ಆಳನ್ನು ಕಂಡೊಡನೆ ದುಡುಂ ಎಂದು ಮುಳುಗಿದವು.

“ಕೂತ್ಕೊಳ್ಳಿ ಕರಿಯಯ್ಯ, ನಿಮ್ಮನ್ನ ಕಂಡು ಹೆದರ್ತಿವೆ,” ಎಂದು ಚಂಪಕ ಪಿಸುಗುಟ್ಟಿದಳು.

“ಅಮ್ಮಾರು...”

“ಕೂತ್ಕೊಳ್ಳೀಂದ್ರೆ!”

ಅವನು ಕೂತ. ನೀರುನಾಯಿಗಳು ಒಂದೊಂದಾಗಿ ತಲೆ ಎತ್ತಿದವು. ಒಂದಂತೂ ಮೀನು ಅಗಿಯುತ್ತ ಅವನನ್ನೇ ನೋಡಿತು. ನೋಡಿದ್ದೆಲ್ಲ ಮುಗಿದ ಮೇಲೆ ಅಂಬುಜಮ್ಮ ಕೊಡ ಎತ್ತಿ ಹೊಳೆಯ ನೀರನ್ನು ಹೊಳೆಗೇ ಚೆಲ್ಲಿದರು. ಕೊಡ ತೊಳೆದು, ಅದೇ ಹೊಳೆಯಿಂದ ಮತ್ತೆ ತುಂಬಿಕೊಂಡರು.

ಮೇಷ್ಟ್ರು ದುರ್ಬೀನಿನಲ್ಲಿ ಬಹಳ ದೂರದ ಹಕ್ಕಿಯೊಂದನ್ನು ನೋಡುತ್ತಿದ್ದರು. ಚಂಪಕ ನೀರುನಾಯಿಗಳ ಬಂಡೆಯ ಕಡೆಗೆ ಮುಖ ತಿರುಗಿಸಿದಳು. ಕರಿಯಯ್ಯ ಎದ್ದು ನಿಂತ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. “ಆದ್ರೂ ಕುಂತ್ಕಂಡ್ರೆ ಒಳೆ ಬ್ಯಾರೆ ಥರಾನೇ ಕಾಣ್ತದೆ ಕಣಮ್ಮಿ. ಎದೆಮಟ್ಟಕ್ಕೆ ಬತ್ತದೆ.”

ಅಂದಿನಿಂದ ಒಬ್ಬನೇ ಇದ್ದಾಗಲೂ ಅವನು ಹರಿಗೋಲಿನಲ್ಲಿ ಕೂರಲಿಲ್ಲ.

* * *

ಮಂಗಳಮ್ಮನ ಅಂಗೈಯೊಳಗೆ ಮೊಣಕಾಲು ಮೆಲ್ಲಗೆ ಸಡಿಲಿತು. ಇನ್ನೊಂದೂ ಬಗ್ಗಿತು.

“ಬಗ್ತು ಕಣ್ಲಾ ಮಾದು! ಆ ಕಡೀಕ್ ಇಡ್ಕಳ್ಳಾ!” ಪದ್ಧತಿ ಹೇಳಿದ್ದ ಚಲುವಯ್ಯನೇ ಎಲ್ಲರಿಗಿಂತ ಮೊದಲು ಓಡಿಬಂದು ತಮ್ಮನ ಬೆನ್ನಿಗೆ ಎದೆ ಕೊಟ್ಟ. “ಸದ್ಯ! ಕುಂತ್ಯಲ್ಲೋ ಮಾರಾಯ!”

ಅಳುತ್ತಿದ್ದವರೂ ನಕ್ಕರು.

ತಮಟೆ ದಡದಲ್ಲೇ ಉಳಿಯಿತು. ಹುಲ್ಲಿನ ಮೂಟೆಗೆ ಒರಗಿಸಿ ಕರಿಯಯ್ಯನನ್ನು ಹರಿಗೋಲಿನ ನಟ್ಟನಡುವೆ ಕೂರಿಸಿದರು. ಮಾದು ಗಳ ಮುಟ್ಟಲಿಲ್ಲ. ಮಂಡಿಯೂರಿ ಹುಟ್ಟು ಹಾಕಿದ. ಯಾರೂ ನಿಂತಿರಲಿಲ್ಲ. ಆಚೆ ದಡದ ಹೂಳುವ ಜಾಗದ ಕಡೆಗೆ ಹರಿಗೋಲು ಸುತ್ತುತ್ತ ಸಾಗಿತು.

ನಡುಗಡ್ಡೆಯ ಪಕ್ಕ ಬಂದಾಗ ಮಂಗಳಮ್ಮ ಕೈ ಇಳಿಬಿಟ್ಟು ನೀರು ಮೊಗೆದಳು. ಗಂಡನ ತುಟಿಗೆ ಹನಿಸಿದಳು. ಬೊಗಸೆಯಲ್ಲಿ ಉಳಿದದ್ದನ್ನು ಚೆಲ್ಲದೆ ತಾನು ಕುಡಿದಳು.