ಬುಡದ ಕಡೆಯ ಗೆರೆ

"ಮುಕ್ತಾರಾ, ಬುಡ ಕೆಳಗೇ ಇದ್ದಲ್ದನ?"

ಶಾಂತಾರಾಮ ಹೆಗಡೆಯ ತಾಯಿ ಕೇಳಿದ್ದು ಇಷ್ಟೇ. ಅದನ್ನು ಪ್ರಶ್ನೆ ಅನ್ನುವುದೂ ತಪ್ಪು. ಬಾಗಿಲ ಪೂಜೆಯಲ್ಲಿ ಮನೆಯ ಹಿರಿಯರು ಕೇಳಬೇಕು, ಮರ ಕೊಯ್ದವನು ಹೌದು ಅನ್ನಬೇಕು, ಆಮೇಲೆ ಕಾಯಿ ಒಡೆಯಬೇಕು. ಹುಲಗೋಳದಲ್ಲಿ ಹೆಗಡೆಯ ಹೊಸ ಮನೆಯ ಅಡಿಪಾಯದ ಮೇಲೆ ಬಾಗಿಲ ಚೌಕಟ್ಟನ್ನು ನಾಲ್ಕು ಜನ ಹಿಡಿದು ನಿಂತಿದ್ದರು. ಅರಿಶಿನ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ ಆಗಿತ್ತು. ಎಲ್ಲರೂ ಮುಕ್ತಾರನ ಮುಖ ನೋಡಿದರು. ಮುಕ್ತಾರ್ ಚೌಕಟ್ಟಿನ ಕೆಳತುದಿ ನೋಡಿದ.

ಇಪ್ಪತ್ತೆಂಟು ವರ್ಷ ಶಿರಸಿಯಲ್ಲಿ ಸುಭಾಷನ ಸಾಮಿಲ್ಲಿನ ಗರಗಸದ ಮುಂದೆ ನಿಂತವನು ಅವನು. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾಯಿತೋ, ಆ ಮನೆಗೆ ಏಳಿಗೆಯಿಲ್ಲ ಅನ್ನುತ್ತಾರೆ ಈ ಕಡೆಯವರು. ಆದರೆ ಗಂಟಿಲ್ಲದ ಮರ ಸೀಳಿ ತುಂಡಾದ ಮೇಲೆ ಬುಡ ಯಾವುದು, ತುದಿ ಯಾವುದು, ಬ್ರಹ್ಮ ಬಂದರೂ ಹೇಳಲಾರ. ಅದಕ್ಕೇ ಯಲ್ಲಾಪುರದ ಡಿಪೋದಿಂದ ದಿಮ್ಮಿ ಬಂದಿಳಿದ ಕೂಡಲೇ ಮುಕ್ತಾರ್ ಬುಡದ ಕಡೆ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಸೀಳಿದ ಒಂದೊಂದು ತುಂಡಿಗೂ ಆ ಗೆರೆ ಬೀಳುತ್ತಿತ್ತು. ಮಧ್ಯಾಹ್ನದ ಊಟ ತಪ್ಪಿದ್ದುಂಟು, ಗೆರೆ ತಪ್ಪಿದ್ದಿಲ್ಲ. ಸಿದ್ದಾಪುರದ ಕಡೆಯಿಂದಲೂ ಜನ ಬಂದು "ಮುಕ್ತಾರನ ಗೆರೆ ಇದ್ದ ಮರವೇ ಕೊಡಿ" ಅಂತ ಕೂರುತ್ತಿದ್ದರು.

ಬರ್ಮಾದ ಸಾಗುವಾನಿ ಬರತೊಡಗಿದಾಗಲೂ ತೊಂದರೆಯಾಗಲಿಲ್ಲ, ಅದೂ ದಿಮ್ಮಿಯಾಗಿಯೇ ಬರುತ್ತಿತ್ತು. ಬರ್ಮಾದವರು ದಿಮ್ಮಿ ಕೊಡುವುದನ್ನು ನಿಲ್ಲಿಸಿದರು. ಆಮೇಲೆ ಘಾನಾ ಬಂತು, ಇಕ್ವೆಡಾರ್ ಬಂತು, ನಕಾಶೆಯಲ್ಲಿ ಬೆರಳಿಟ್ಟು ತೋರಿಸಲಾಗದ ಊರೆಲ್ಲ ಬಂತು. ಈಗ ಮರವನ್ನು ಅಲ್ಲೇ ಸೀಳಿ, ಚೌಕ ಮಾಡಿ, ಕಂಟೇನರಿಗೆ ತುಂಬಿ ಮಂಗಳೂರು ಬಂದರಿಗೆ ಕಳಿಸುತ್ತಾರೆ. ಕೊಯ್ಯುವ ಕೂಲಿ ತಮ್ಮಲ್ಲೇ ಉಳಿಯಲಿ ಅಂತ ಅವರ ಲೆಕ್ಕ. ಅವರ ಮಕ್ಕಳೂ ಉಣ್ಣಬೇಕಲ್ಲ, ಸರಿಯೇ. ಸುಭಾಷನ ಗರಗಸ ಮಾತ್ರ ತಣ್ಣಗಾಯಿತು. ದೀಪಾವಳಿ ಕಳೆದದ್ದೇ ಯಂತ್ರ ಬಿಚ್ಚಿ ಹಾವೇರಿಯವನೊಬ್ಬನಿಗೆ ಮಾರಿದ. ಉಳಿದವರನ್ನೆಲ್ಲ ಮನೆಗೆ ಕಳಿಸಿದ, ಮುಕ್ತಾರನೊಬ್ಬನನ್ನು ಬಿಟ್ಟು.

"ನಿನ್ನ ಗೆರೆ ಬೇಕು ಮಾರಾಯ. ಗೆರೆ ಇಲ್ಲದಿದ್ರೆ ಒಂದು ತುಂಡೂ ಹೋಗೂದಿಲ್ಲ," ಅಂದಿದ್ದ ಸುಭಾಷ.

"ಇದ್ರಲ್ಲಿ ಬುಡ ಯಾವ್ದು ಅಂತ ನಂಗೆಂತ ಗೊತ್ತು ಅಣ್ಣಾ? ಒಂದು ಗಂಟಾದ್ರೂ ಇದ್ರೆ ನೋಡಿ ಹೇಳಬಹುದು. ಎಂತದೂ ಇಲ್ಲ."

"ಯಾವ್ದೋ ಒಂದು ಬದಿಗೆ ಎಳಿ. ಅರ್ಧಕ್ಕರ್ಧ ಸರಿಯಾಗೇ ಇರ್ತದೆ!"

ಮೊದಲ ದಿನ ಒಂದೊಂದು ತುಂಡನ್ನೂ ತಿರುಗಿಸಿ ತಿರುಗಿಸಿ ನೋಡಿ ಎಳೆದಿದ್ದ. ವಾರದೊಳಗೆ ಅದೂ ನಿಂತಿತು. ನಾಲ್ಕು ತಿಂಗಳಿಂದ ಎಳೆಯುತ್ತಲೇ ಇದ್ದಾನೆ. ಮನೆಗೆ ಬಂದರೆ ಹೆಂಡತಿ ಬಿಸ್ಮಿಲ್ಲಾ ಬಿ ಬಡಿಸಿದ್ದು ಮೀನೋ ಬೇಳೆಯೋ ಅನ್ನುವುದೂ ನಾಲಿಗೆಗೆ ತಿಳಿಯುತ್ತಿರಲಿಲ್ಲ. ನಾಚಿಕೆಯಾಗಬೇಕಿತ್ತು, ಆಗುತ್ತಿರಲಿಲ್ಲ. ಐವತ್ತೈದು ದಾಟಿದವನಿಗೆ ಈ ಕೆಲಸ ಹೋದರೆ ಇನ್ನೊಂದು ಯಾರು ಕೊಡುತ್ತಾರೆ? ಗಿರಾಕಿಗಳೂ ಗೆರೆ ನೋಡಿ ಸುಮ್ಮನೆ ಒಯ್ದಿದ್ದರು. ಈ ನಾಲ್ಕು ತಿಂಗಳಲ್ಲಿ ಬಾಯಿಬಿಟ್ಟು ಕೇಳಿದವಳು ಈ ಮುದುಕಿಯೇ ಮೊದಲು.

"ಹೇಳಿ ಮುಕ್ತಾರ್ ಭಾಯ್," ಎಂದ ಶಾಂತಾರಾಮ.

ಹೌದು ಅನ್ನಲು ಎರಡಕ್ಷರ ಸಾಕಿತ್ತು.

"ನಂಗೆ ಗೊತ್ತಿಲ್ಲ ಹೆಗಡೇರೆ," ಅಂದುಬಿಟ್ಟ ಮುಕ್ತಾರ್. "ಇದು ನಾನು ಕೊಯ್ದ ಮರ ಅಲ್ಲ. ಸೀಳಿಯೇ ಬಂದದ್ದು, ಸಮುದ್ರದಾಚೆಯಿಂದ. ಗೆರೆ ನಾನು ಸುಮ್ನೆ ಎಳ್ದಿದ್ದು."

ಚೌಕಟ್ಟು ಹಿಡಿದು ನಿಂತಿದ್ದ ಬಡಗಿ ಸೀತಾರಾಮ ಆಚಾರಿ ಬೆಪ್ಪಾದ. "ಹಂಗಾರೆ ನಾ ಗೆರೆ ನೋಡಿ ನೋಡಿ ಜೋಡ್ಸಿದ್ದು ಎಂತಕ್ಕೆ?" ಅಂದ.

"ಈಗ ಬಿಚ್ಚಿ, ತಿರುಗಿಸಿ ಮಾಡ್ಸಿದ್ರೆ ಸಮ ಆಗ್ತದಾ?" ಶಾಂತಾರಾಮ ಕೇಳಿದ.

"ಅದೂ ಗೊತ್ತಿಲ್ಲ."

ಕಂಡದ್ದು ಹೇಳಿದರೆ ಕೆಂಡದಂಥ ಕೋಪ ಅನ್ನುತ್ತಾರೆ. ಮುಕ್ತಾರ್ ಅದಕ್ಕೇ ಕಾದು ನಿಂತ. ಬೈಯಲಿ, ಇಲ್ಲಿಂದ ಓಡಿಸಲಿ, ಸುಭಾಷನಿಗೆ ಹೇಳಿ ಕೆಲಸ ಬಿಡಿಸಲಿ. ಎಷ್ಟೋ ದಿನಗಳ ಮೇಲೆ ಅವನ ಎದೆಯೊಳಗೆ ಏನೋ ಅಲುಗಿತ್ತು, ಹೆದರಿಕೆಯೇ ಇರಬೇಕು, ಆದರೂ ಹಿತವಾಗಿತ್ತು. ಆದರೆ ಯಾರೂ ಬೈಯಲಿಲ್ಲ. ಭಟ್ಟರು ಗಡಿಯಾರ ನೋಡಿಕೊಂಡು "ಮುಹೂರ್ತಕ್ಕೆ ಇನ್ನು ನಾಲ್ಕೇ ನಿಮಿಷ" ಅಂದರು. ಶಾಂತಾರಾಮನ ಹೆಂಡತಿ ಮಮತಾ ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ತಾಯಿಯ ಕಡೆ ತಿರುಗಿದ.

"ಬುಡ ಕೆಳಗೇ ಇದ್ದಡ, ಆಯಿ," ಎಂದ ಗಟ್ಟಿಯಾಗಿ.

ಮುದುಕಿಗೆ ಕಿವಿ ಅಷ್ಟಕ್ಕಷ್ಟೇ. "ಮುಕ್ತಾರ ಹೇಳಿದ್ಮೇಲೆ ಆತು ಬಿಡು," ಎಂದು ಕೈ ಮುಗಿದಳು.

ಕಾಯಿ ಒಡೆಯಿತು. ಚೌಕಟ್ಟು ಗೆರೆ ಇದ್ದ ಹಾಗೇ ನಿಂತಿತು. ಶಾಂತಾರಾಮ ಎಲೆ ಅಡಿಕೆಯ ಜೊತೆ ಒಂದು ತೆಂಗಿನಕಾಯಿಯನ್ನು ಮುಕ್ತಾರನ ಕೈಗಿಟ್ಟು ದನಿ ತಗ್ಗಿಸಿದ. "ಇಲ್ಲಿ ಆಡಿದ್ದು ಇಲ್ಲೇ ಇರ್ಲಿ ಭಾಯ್. ನಮ್ಮ ಕೇರೀಲಿ ಇನ್ನೂ ಎರಡು ಮನೆಗೆ ನಿಮ್ಮಲ್ಲಿಂದ್ಲೇ ಮರ ತಂದಿದ್ದಾರೆ. ಅವ್ರಿಗೆಲ್ಲ ಸುಮ್ನೆ ಕೊರಗು ಎಂತಕ್ಕೆ?"

ಅಷ್ಟರಲ್ಲಿ ಫೋನು ಬಂತು. ಸುಭಾಷ. "ಹೊಸ ಕಂಟೇನರ್ ಬಂದದೆ. ನಾಳೆ ಬೇಗ ಬಾ ಮಾರಾಯ."

"ಎಂಟಕ್ಕೆ ಬರ್ತೆ," ಎಂದ ಮುಕ್ತಾರ್. ಎದೆಯೊಳಗೆ ಅಲುಗಿದ್ದು ಆಗಲೇ ನಿಂತುಹೋಗಿತ್ತು.

ಗೋಡೆ ಇನ್ನೂ ಎದ್ದಿರಲಿಲ್ಲ, ಅಡಿಪಾಯದ ಮೇಲೆ ಚೌಕಟ್ಟೊಂದೇ ನಿಂತಿತ್ತು. ಊಟದ ಎಲೆ ಹಾಕಿದ್ದು ಅದರಾಚೆ. ಅನ್ನದ ಪಾತ್ರೆ ಹೊತ್ತವರು ಪಕ್ಕದಿಂದಲೇ ಓಡಾಡುತ್ತಿದ್ದರು. ಮುಕ್ತಾರನೂ ಪಕ್ಕಕ್ಕೆ ಹೊರಟ.

"ಅಲ್ಲಲ್ಲ, ಬಾಗಿಲಿಂದ ಬನ್ನಿ," ಮಮತಾ ಆಚೆಯಿಂದ ಕರೆದಳು.

ಅವನು ತಿರುಗಿ ಬಂದ. ಏಳಡಿ ಎತ್ತರದ ಬಾಗಿಲು, ಅವನೋ ಐದೂಕಾಲಡಿಯ ಆಳು. ಆದರೂ ತಲೆ ತಗ್ಗಿಸಿಕೊಂಡೇ ದಾಟಿದ.